ಭೀಮ ಗದೆ ಎತ್ತಿದಾಗ ಚಕ್ರ ಸುತ್ತಿದರೆ

ರಾಮನಗರದ ಸುತ್ತಮುತ್ತ ಕುರುಕ್ಷೇತ್ರ ನಾಟಕ ಆಡದ ಊರು ಕಡಿಮೆ. ಕೂಟಗಲ್ ಹೋಬಳಿಯೂ ಇದಕ್ಕೆ ಹೊರತಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸಿ, ಕೊನೆಗೊಂದು ರಾತ್ರಿ ಸೀನರಿ ಕಟ್ಟಿಸಿ, ಬೆಳಗಿನ ಜಾವದವರೆಗೂ ಆಡಿಸುತ್ತಾರೆ. ಈಗ ಪ್ರತಿ ನಾಟಕಕ್ಕೂ ವಿಡಿಯೊ ಉಂಟು. ದುರ್ಯೋಧನನ ಪಾತ್ರ ಮಾಡಿದವರ ಮನೆಯಲ್ಲಂತೂ ಒಂದು ಪ್ರತಿ ಇದ್ದೇ ಇರುತ್ತದೆ. ಅದರ ಜೊತೆಗೆ ಮದುವೆ, ನಾಮಕರಣ, ಗೃಹಪ್ರವೇಶ, ಮೊಬೈಲಿನಲ್ಲಿ ತೆಗೆದ ಚಿಲ್ಲರೆ ತುಣುಕುಗಳು. ಇವನ್ನೆಲ್ಲ ಒಂದು ಹಳೆ ಕಂಪ್ಯೂಟರಿಗೆ ತುಂಬಿ, ಮನೆಯ ಟಿವಿಯಲ್ಲೋ ಮೊಬೈಲಿನಲ್ಲೋ ಬೇಕೆಂದಾಗ ನೋಡುವಂತೆ ಮಾಡಿಕೊಂಡರೆ ಅದೇ ಮೀಡಿಯಾ ಸರ್ವರ್. ಇದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಜೆಲ್ಲಿಫಿನ್ ಪೂರ್ತಿ ಉಚಿತ. 2018ರ ಕೊನೆಯಲ್ಲಿ ಎಂಬಿ ಎಂಬ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಪ್ಲೆಕ್ಸ್ ಕೂಡ ಇದೆ, ಆದರೆ ಅದರ ಕೆಲವು ಮುಖ್ಯ ಸವಲತ್ತುಗಳಿಗೆ ದುಡ್ಡು ಕೊಡಬೇಕು. ಹೊಸಬರಿಗೆ ನಾನು ಹೇಳುವುದು ಜೆಲ್ಲಿಫಿನ್ ಅನ್ನೇ.

ಮೊದಮೊದಲು ಎಲ್ಲ ಸಲೀಸಾಗಿ ಓಡುತ್ತದೆ. ಆಮೇಲೊಂದು ದಿನ ಹೊಸ ಕ್ಯಾಮೆರಾದಲ್ಲಿ ತೆಗೆದ ಫೋರ್‌ಕೆ ವಿಡಿಯೊ ಹಾಕುತ್ತೀರಿ. ಭೀಮ ಗದೆ ಎತ್ತಿದ್ದಷ್ಟೇ, ಪರದೆಯ ನಡುವೆ ಚಕ್ರ ಸುತ್ತಲು ಶುರು. ಕಂಪ್ಯೂಟರ್ ಹಳೆಯದಾಯಿತು, ಪ್ರೊಸೆಸರ್ ಬದಲಾಯಿಸಬೇಕು ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಡುತ್ತಾರೆ. ಸ್ವಲ್ಪ ತಾಳಿ. ಚಿತ್ರ ಮೂರು ಜಾಗದಲ್ಲಿ ಸಿಕ್ಕಿಹಾಕಿಕೊಳ್ಳಬಹುದು: ಡಿಸ್ಕಿನಲ್ಲಿ, ಅಲ್ಲಿಂದ ಟಿವಿಗೆ ಬರುವ ದಾರಿಯಲ್ಲಿ, ಇಲ್ಲವೇ ವಿಡಿಯೊವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವ ಕೆಲಸದಲ್ಲಿ. ಯಾವುದೆಂದು ಗೊತ್ತಾಗುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಲೆಕ್ಕದಿಂದ ಶುರುಮಾಡೋಣ. ವಿಡಿಯೊದ ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುತ್ತಾರೆ. ಎಂಟು ಮೆಗಾಬಿಟ್ ಸೇರಿದರೆ ಒಂದು ಮೆಗಾಬೈಟ್. ಸಾಧಾರಣ ಫುಲ್ ಎಚ್‌ಡಿ ಕ್ಯಾಮೆರಾದ ವಿಡಿಯೊ 25 ಮೆಗಾಬಿಟ್ ಎಂದಿಟ್ಟುಕೊಂಡರೆ ಸೆಕೆಂಡಿಗೆ 3 ಮೆಗಾಬೈಟ್ ಚಿಲ್ಲರೆ. ಎಂಟು ಗಂಟೆಯ ನಾಟಕಕ್ಕೆ 90 ಜಿಬಿ. ಅದನ್ನೇ 100 ಮೆಗಾಬಿಟ್‌ನ ಫೋರ್‌ಕೆಯಲ್ಲಿ ತೆಗೆದರೆ 360 ಜಿಬಿ. ನಿಮ್ಮ ಹಾರ್ಡ್ ಡಿಸ್ಕ್ ಹಳೆಯದಿದ್ದರೂ ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬೈಟ್‌ನಷ್ಟು ಓದುತ್ತದೆ. ಫೋರ್‌ಕೆ ಕೇಳುವುದು ಹನ್ನೆರಡೂವರೆ ಮಾತ್ರ. ಹಾಗಾಗಿ ವೇಗದ ವಿಷಯದಲ್ಲಿ ಡಿಸ್ಕ್ ನಿರಪರಾಧಿ.

ಈಗ ದಾರಿ ನೋಡೋಣ. ಇಲ್ಲಿ ಒಂದು ವಿಚಿತ್ರವಿದೆ. ದುಬಾರಿ ಸ್ಮಾರ್ಟ್ ಟಿವಿಗಳಲ್ಲೂ ಹಿಂದಿನ ಲ್ಯಾನ್ ಪೋರ್ಟ್ 100 ಮೆಗಾಬಿಟ್‌ನದೇ ಆಗಿರುವುದು ಸಾಮಾನ್ಯ. 100 ಮೆಗಾಬಿಟ್ ವಿಡಿಯೊ ಅದರಲ್ಲಿ ಸರಾಗವಾಗಿ ಬರಲಾರದು. ಅಂಥ ಟಿವಿಗೆ ಕೇಬಲ್ ಕಿತ್ತು ವೈಫೈ ಕೊಟ್ಟರೇ ಚೆನ್ನಾಗಿ ಓಡಬಹುದು, ರೂಟರ್ ಅದೇ ಕೋಣೆಯಲ್ಲಿದ್ದರೆ. ನಮ್ಮ ಕಡೆ ಸೈಜ್ ಕಲ್ಲಿನ ಗೋಡೆಯ ಮನೆಗಳು ಬಹಳ. 5 ಗಿಗಾಹರ್ಟ್ಸ್ ವೈಫೈಗೆ ಒಂದು ಕಲ್ಲಿನ ಗೋಡೆ ದಾಟುವುದೇ ಕಷ್ಟ, ಎರಡನೆಯದು ಬಂದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಸರ್ವರಿನಿಂದ ರೂಟರಿಗೆ, ರೂಟರಿನಿಂದ ಹಾಲ್‌ಗೆ ಕ್ಯಾಟ್ 6 ಕೇಬಲ್ ಎಳೆದು, ಹಾಲ್‌ನಲ್ಲಿ ಇನ್ನೊಂದು ಚಿಕ್ಕ ವೈಫೈ ಪೆಟ್ಟಿಗೆ ಇಡುವುದು ಒಳ್ಳೆಯ ಉಪಾಯ. ಪೂರ್ತಿ ತಾಮ್ರದ ಕೇಬಲ್ಲನ್ನೇ ಕೇಳಿ ಕೊಳ್ಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದು ಮಾರುವವರಿದ್ದಾರೆ. ಇಲಿಕಾಟ ಇರುವ ಮನೆಯಾದರೆ ಪೈಪಿನೊಳಗೇ ಹಾಯಿಸಿ. ಗಿಗಾಬಿಟ್ ಓಡಲು ಕೇಬಲ್ಲಿನೊಳಗಿನ ಎಂಟೂ ಎಳೆ ಸರಿಯಾಗಿರಬೇಕು. ಒಂದು ಎಳೆ ಕಚ್ಚಿಕೊಳ್ಳದಿದ್ದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಇಂಟರ್‌ನೆಟ್ ಬರುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 1000 ಎಂದಿದೆಯೋ 100 ಎಂದಿದೆಯೋ ನೋಡಿ. ಎಷ್ಟೋ ಮನೆಗಳಲ್ಲಿ ಇಡೀ ಅಪ್‌ಗ್ರೇಡ್ ಕೇಬಲ್ಲಿನ ತುದಿಗೆ ಒಂದು ಹೊಸ ಪ್ಲಗ್ ಒತ್ತಿಸುವುದರಲ್ಲೇ ಮುಗಿಯುತ್ತದೆ.

ಮೂರನೆಯದು ರೂಪಾಂತರದ ಕೆಲಸ, ಟ್ರಾನ್ಸ್‌ಕೋಡಿಂಗ್. ವಿಡಿಯೊಗಳು ಒಂದೊಂದು ಬಗೆಯಲ್ಲಿ ಅಡಕವಾಗಿರುತ್ತವೆ. ಎಚ್.264 ಹಳೆಯದು, 2003ರದು, ಹೆಚ್ಚುಕಡಿಮೆ ಎಲ್ಲ ಟಿವಿಗೂ ಅರ್ಥವಾಗುತ್ತದೆ. 2013ರ ಎಚ್‌ಇವಿಸಿ ಜಾಗ ಉಳಿಸುತ್ತದೆ, ಈಗಿನ ಎಷ್ಟೋ ಮೊಬೈಲ್‌ಗಳು ಅದರಲ್ಲೇ ಚಿತ್ರೀಕರಿಸುತ್ತವೆ. ಟಿವಿಗೆ ತಿಳಿಯದ ಬಗೆಯ ವಿಡಿಯೊ ಹಾಕಿದರೆ ಸರ್ವರ್ ಅದನ್ನು ಆಗಿಂದಾಗಲೇ ಬಿಡಿಸಿ, ತಿಳಿಯುವ ಬಗೆಗೆ ಹೊಸದಾಗಿ ಕಟ್ಟಿ ಕಳಿಸಬೇಕು. ಪ್ರೊಸೆಸರ್ ಬೆವರುವುದು ಆಗಲೇ. ಸುಮ್ಮನೆ ಕಡತ ಕಳಿಸುವುದಕ್ಕಾದರೆ ಹತ್ತು ವರ್ಷದ ಹಳೆ ಯಂತ್ರವೂ ಸಾಕು. ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆದು, ವಿಡಿಯೊ ಓಡುತ್ತಿರುವಾಗಲೇ ನೋಡಿ: ‘ಡೈರೆಕ್ಟ್ ಪ್ಲೇ’ ಎಂದಿದ್ದರೆ ಪ್ರೊಸೆಸರಿನ ತಪ್ಪಿಲ್ಲ. ‘ಟ್ರಾನ್ಸ್‌ಕೋಡ್’ ಎಂದಿದ್ದರೆ ಯಾಕೆಂಬ ಕಾರಣವನ್ನೂ ಅದೇ ಹೇಳುತ್ತದೆ. ಕೆಲವು ಸಲ ಕಾರಣ ಸಬ್‌ಟೈಟಲ್ ಅಷ್ಟೇ ಆಗಿರುತ್ತದೆ. ಅದನ್ನು ಆಫ್ ಮಾಡಿದರೆ ಚಕ್ರವೂ ನಿಲ್ಲುತ್ತದೆ. ಇನ್ನು ಕೆಲವು ಸಲ ಟಿವಿಗೆ ಒಂದು ಒಳ್ಳೆಯ ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಸಾಕು, ಎಚ್‌ಇವಿಸಿಯನ್ನು ಅದೇ ನೇರವಾಗಿ ಓದುತ್ತದೆ.

ಮನೆಯಲ್ಲಿ ನಾಲ್ಕು ಮಂದಿ ನಾಲ್ಕು ಬಗೆಯ ಮೊಬೈಲಿನಲ್ಲಿ ನೋಡುವವರಿದ್ದು, ಟ್ರಾನ್ಸ್‌ಕೋಡಿಂಗ್ ತಪ್ಪಿಸಲಾಗದು ಎಂದಾದರೆ ಮಾತ್ರ ಪ್ರೊಸೆಸರಿನ ವಿಚಾರಕ್ಕೆ ಬನ್ನಿ. ಅಲ್ಲೂ ಬೇಕಾಗಿರುವುದು ಬಲವಲ್ಲ, ಒಂದು ವಿಶೇಷ ಭಾಗ. ಇಂಟೆಲ್ ಪ್ರೊಸೆಸರುಗಳೊಳಗೆ 2011ರಿಂದ ಕ್ವಿಕ್ ಸಿಂಕ್ ಎಂಬ, ವಿಡಿಯೊ ಕೆಲಸಕ್ಕೇ ಮೀಸಲಾದ ಅಂಗ ಇದೆ. 10 ಬಿಟ್‌ನ ಎಚ್‌ಇವಿಸಿಯನ್ನೂ ಅದು ನಿಭಾಯಿಸಬೇಕಾದರೆ ಏಳನೇ ಜನರೇಷನ್ ಅಥವಾ ಅದರಿಂದೀಚಿನದು ಬೇಕು. ಐ5-7500 ಎಂದು ಬರೆದಿದ್ದರೆ ಗೆರೆಯ ನಂತರದ 7 ಎಂಬುದೇ ಜನರೇಷನ್. ಸಂಖ್ಯೆಯ ಕೊನೆಯಲ್ಲಿ ಎಫ್ ಎಂಬ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಅಗ್ಗವೆಂದು ಅದನ್ನು ತರಬೇಡಿ.

ಈಗ ಕೊಳ್ಳುವವರಿಗೆ ಒಂದು ಅನುಕೂಲವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಹೆಚ್ಚುಕಡಿಮೆ ಎಂಟನೇ ಜನರೇಷನ್ನಿನಿಂದ ಈಚಿನದನ್ನು. ಹಾಗಾಗಿ ಕಚೇರಿಗಳು ಏಳನೇ ಜನರೇಷನ್ನಿನ ಗಟ್ಟಿಮುಟ್ಟಾದ ಯಂತ್ರಗಳನ್ನೂ ಹೊರಹಾಕುತ್ತಿವೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೇಳಬಹುದು. ಲಿನಕ್ಸ್ ಹಾಕಿಕೊಂಡರೆ ವಿಂಡೋಸ್ ಗೊಡವೆಯೇ ಇಲ್ಲ. ಗಾತ್ರ ಮಾತ್ರ ನೋಡಿ ತನ್ನಿ. ಪುಸ್ತಕದಷ್ಟು ಚಿಕ್ಕ ಪೆಟ್ಟಿಗೆ ಕಣ್ಣಿಗೆ ಚೆಂದ, ಆದರೆ ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ಅದರೊಳಗೆ ಹಿಡಿಯದು. ಎರಡು ಡಿಸ್ಕ್ ಇಡುವ ಆಸೆಯಿದ್ದರೆ ಟವರ್ ಮಾದರಿಯೇ ಬೇಕು. ಹೊಸದೇ ಬೇಕೆನ್ನುವವರಿಗೆ ಇಂಟೆಲ್ ಎನ್100 ಇರುವ ಮಿನಿ ಪಿಸಿಗಳಿವೆ. ಕರೆಂಟ್ ತೀರಾ ಕಡಿಮೆ, ಹೊಸ ಬಗೆಯ ಎವಿ1 ವಿಡಿಯೊವನ್ನೂ ಬಿಡಿಸುತ್ತದೆ.

ರ‍್ಯಾಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 8 ಜಿಬಿ ಸಾಕು. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ಹಳೆಯದನ್ನು ಬಿಚ್ಚಿ ಅಂಗಡಿಗೇ ತೆಗೆದುಕೊಂಡು ಹೋಗಿ. ತಂತ್ರಾಂಶಕ್ಕೆ 256 ಜಿಬಿಯ ಎಸ್‌ಎಸ್‌ಡಿ ಹಾಕಿ, ವಿಡಿಯೊ ಎಲ್ಲ ದೊಡ್ಡ ಹಾರ್ಡ್ ಡಿಸ್ಕಿನಲ್ಲಿರಲಿ. ಪೋಸ್ಟರು, ಪಟ್ಟಿಗಳು ತೆರೆಯುವಾಗ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಹಳ್ಳಿಯಲ್ಲಿ ಸರ್ವರ್ ಇಡುವವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಕರೆಂಟಿನ ಬಗ್ಗೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಡಿಸ್ಕಿನಲ್ಲಿರುವ ಕಡತ ಕೆಡಬಹುದು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎನ್ನುತ್ತೀರಿ. ಅದರ ಹಿಂಭಾಗದಲ್ಲೋ ಮುಂಭಾಗದಲ್ಲೋ ಯುಪಿಎಸ್, ಇಕೊ ಎಂಬ ಸ್ವಿಚ್ ಇರುತ್ತದೆ, ಹುಡುಕಿ. ಇಕೊದಲ್ಲಿದ್ದರೆ ಬ್ಯಾಟರಿಗೆ ಬದಲಾಗುವುದು ನಿಧಾನ, ಫ್ಯಾನು ದೀಪಕ್ಕೆ ಗೊತ್ತೇ ಆಗದು, ಕಂಪ್ಯೂಟರ್ ಮಾತ್ರ ಆರಿ ಹೊತ್ತಿಕೊಳ್ಳುತ್ತದೆ. ಯುಪಿಎಸ್‌ಗೆ ತಿರುಗಿಸಿದರೆ ಆ ತೊಂದರೆ ತಪ್ಪುತ್ತದೆ, ಆದರೆ ಇನ್ನೊಂದು ಬರುತ್ತದೆ. ಆ ಸ್ಥಿತಿಯಲ್ಲಿ ಇನ್ವರ್ಟರ್ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕಡಿಮೆ ಬಂದರೆ ಕರೆಂಟೇ ಇಲ್ಲವೆಂದು ತಿಳಿದು ಬ್ಯಾಟರಿಗೆ ಹೋಗುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಬೀಳುವ ಊರಿನಲ್ಲಿ ಕರೆಂಟ್ ಇದ್ದಾಗಲೇ ಬ್ಯಾಟರಿ ಖಾಲಿಯಾಗುತ್ತದೆ. ಅಂಥ ಕಡೆ ಇನ್ವರ್ಟರನ್ನು ಇಕೊದಲ್ಲೇ ಬಿಟ್ಟು, ಸರ್ವರಿಗೂ ರೂಟರಿಗೂ ಸೇರಿಸಿ ಒಂದು ಚಿಕ್ಕ ಯುಪಿಎಸ್ ತರುವುದೇ ವಾಸಿ. ನನ್ನ ಮಟ್ಟಿಗೆ ಅಪ್‌ಗ್ರೇಡ್‌ನ ಮೊದಲ ದುಡ್ಡು ಹೋಗಬೇಕಾದ್ದು ಇಲ್ಲಿಗೆ.

ಹಳೆ ಕಚೇರಿ ಯಂತ್ರದ ಮದರ್ ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032. ಅದು ಸತ್ತಿದ್ದರೆ ಕರೆಂಟ್ ಪೂರ್ತಿ ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಎಫ್1 ಒತ್ತು ಎಂದು ಪರದೆಯಲ್ಲಿ ಕಾಯುತ್ತಾ ನಿಲ್ಲುತ್ತದೆ. ಸರ್ವರಿಗೆ ಪರದೆಯನ್ನೇ ಜೋಡಿಸಿರುವುದಿಲ್ಲವಾದ್ದರಿಂದ ಅದು ನಿಮಗೆ ಕಾಣುವುದೂ ಇಲ್ಲ. ಕೆಲವೇ ರೂಪಾಯಿಯ ಆ ಬ್ಯಾಟರಿಯನ್ನು ಮೊದಲ ದಿನವೇ ಬದಲಾಯಿಸಿ. ಹಾಗೆಯೇ ಬಯಾಸ್‌ಗೆ ಹೋಗಿ, ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆ ಹಾಕಿಬಿಡಿ.

ಬಿಲ್ಲಿನ ಲೆಕ್ಕವನ್ನೂ ಮಾಡಿ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಉಚಿತ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಿಮ್ಮ ಮನೆಗೆ ಸಾಮಾನ್ಯವಾಗಿ ಸಿಗುವುದು 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಸರಾಸರಿ 70 ಯೂನಿಟ್ ಇದ್ದ ಮನೆಗೆ ಉಚಿತ ಮಿತಿ 77. ಗ್ರಾಫಿಕ್ಸ್ ಕಾರ್ಡ್ ಇರುವ ಹಳೆ ಟವರ್ ಸುಮ್ಮನೆ ಕೂತಾಗಲೂ 60 ವ್ಯಾಟ್ ತಿಂದರೆ ತಿಂಗಳಿಗೆ 43 ಯೂನಿಟ್. 15 ವ್ಯಾಟ್‌ನ ಯಂತ್ರವಾದರೆ 11. ಮಿತಿ ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ ನಿಮ್ಮದೇ. ಕ್ವಿಕ್ ಸಿಂಕ್ ಇದ್ದ ಮೇಲೆ ಗ್ರಾಫಿಕ್ಸ್ ಕಾರ್ಡಿನಿಂದ ಇಲ್ಲಿ ಏನೂ ಕೆಲಸವಿಲ್ಲ, ಬಿಚ್ಚಿಡಿ. ರಾತ್ರಿ ಯಾರೂ ನೋಡದಿದ್ದರೆ ಸರ್ವರನ್ನೂ ಮಲಗಿಸಿ.

ಎಲ್ಲಿಡಬೇಕು? ರೇಷ್ಮೆ ಹುಳು ಸಾಕುವ ಮನೆಯವರು ಇದನ್ನು ಗಮನವಿಟ್ಟು ಓದಿ. ಹುಳುಮನೆಯಲ್ಲಿ ಜಾಗ ಖಾಲಿಯಿದೆ, ತಂಪಾಗಿದೆ ಎಂದು ಅಲ್ಲಿಡಬೇಡಿ. ತಟ್ಟೆಗಳಿಗೆ ಎರಚುವ ಸುಣ್ಣದ ಪುಡಿಯನ್ನು ಫ್ಯಾನ್ ಒಳಗೆಳೆದುಕೊಳ್ಳುತ್ತದೆ. ಬೆಳೆ ಮುಗಿದ ಮೇಲೆ ಹೊಡೆಯುವ ಬ್ಲೀಚಿಂಗ್ ಪೌಡರಿನ ಗಾಳಿ ಲೋಹದ ಸಂಪರ್ಕಗಳನ್ನೇ ತಿನ್ನುತ್ತದೆ. ಹಾಲ್‌ನ ಷೋಕೇಸಿನಲ್ಲಿ, ಹಿಂದೆ ಗಾಳಿಯಾಡುವಂತೆ ಇಟ್ಟರೆ ಸಾಕು. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಬಿಚ್ಚಿ, ಬ್ರಷ್‌ನಿಂದ ಧೂಳು ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಇನ್ನು, ವಿಡಿಯೊಗಳಿಗೆ ಜಾಗ ಸಾಲದಾದಾಗ ತರುವ ಹೊಸ ಡಿಸ್ಕ್. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಳ್ಳಬಹುದು, ಡಿಸ್ಕ್ ಮಾತ್ರ ಹೊಸದೇ ಇರಲಿ. ಹಳೆಯದರ ಸ್ಥಿತಿ ತಿಳಿಯಲು ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು ‘ರೀಅಲೊಕೇಟೆಡ್ ಸೆಕ್ಟರ್’ ಸಾಲು ನೋಡಿ. ಅಲ್ಲಿ ಸೊನ್ನೆ ಇರಬೇಕು, ಸಂಖ್ಯೆ ಏರುತ್ತಿದ್ದರೆ ಅದರ ದಿನ ಹತ್ತಿರವಾಗಿದೆ. ಹೊಸದಕ್ಕೆ ಎಲ್ಲ ನಕಲಾದ ಮೇಲೆ ಆರೋಗ್ಯವಾಗಿರುವ ಹಳೆ ಡಿಸ್ಕನ್ನು ಅಳಿಸಿ ಮಾರಬೇಡಿ. ಮತ್ತೆ ಆಡಿಸಲಾಗದ ನಾಟಕ, ತೀರಿಕೊಂಡವರಿರುವ ಮದುವೆ ವಿಡಿಯೊ, ಇಂಥವನ್ನು ಆರಿಸಿ ಅದರಲ್ಲೊಂದು ಪ್ರತಿ ಇಡಿ. ಒಂದು ಯುಎಸ್‌ಬಿ ಕೇಸಿಗೆ ಹಾಕಿ, ಹೊರಗೆ ಊರು ಮತ್ತು ತಾರೀಖು ಬರೆದ ಚೀಟಿ ಅಂಟಿಸಿ, ಚನ್ನಪಟ್ಟಣದಲ್ಲೋ ಮಾಗಡಿಯಲ್ಲೋ ಇರುವ ನೆಂಟರ ಮನೆಯಲ್ಲಿ ಇರಿಸಿ. ಹಬ್ಬಕ್ಕೆ ಅವರು ಬರುವಾಗ ತರಲು ಹೇಳಿದರೆ ಆ ವರ್ಷದ ಹೊಸ ವಿಡಿಯೊಗಳನ್ನು ಸೇರಿಸಿ ಕಳಿಸಬಹುದು.