ಒಳಗ ಏನ್ ಮಾಡ್ತಾರ್ರಿ?

ಡಾಕ್ಟರು ಸ್ಕ್ಯಾನಿಂಗ್‌ಗೆ ಚೀಟಿ ಬರೆದುಕೊಟ್ಟರೆ ನಮ್ಮ ಮಂದಿ ಅಲ್ಲಿ ಕೇಳುವುದು ಎರಡೇ ಮಾತು: ರೊಕ್ಕ ಎಷ್ಟಾಗತೈತಿ, ಹೊತ್ತು ಎಷ್ಟು ಹಿಡಿತೈತಿ. ಮೂರನೆಯದನ್ನು ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಕೇಳುತ್ತಾರೆ: ‘ಒಳಗ ಏನ್ ಮಾಡ್ತಾರವಾ?’ ನನ್ನ ತವರು ತಿಕೋಟಾ, ಗಂಡನ ಮನೆ ಬಬಲೇಶ್ವರ, ನೌಕರಿ ವಿಜಯಪುರದಲ್ಲಿ. ಎರಡೂ ಊರಿನ ಬಂಧು ಬಳಗ ದವಾಖಾನೆಗೆಂದು ಬಂದರೆ ಮೊದಲು ಇಳಿಯುವುದು ನಮ್ಮ ಮನೆಯಲ್ಲಿ. ಅವರ ಜೊತೆ ಸ್ಕ್ಯಾನಿಂಗ್ ಸೆಂಟರುಗಳ ಬೆಂಚಿನ ಮೇಲೆ ಕುಳಿತು, ಟೆಕ್ನಿಷಿಯನ್ನರನ್ನೂ ಡಾಕ್ಟರುಗಳನ್ನೂ ಕೇಳಿ ಕೇಳಿ ಒಂದಷ್ಟು ತಿಳಿದುಕೊಂಡಿದ್ದೇನೆ.

ನಮ್ಮ ಅಜ್ಜನ ಕಾಲಕ್ಕೆ ದೊಡ್ಡ ಬೇನೆ ಬಂದರೆ ಸೊಲ್ಲಾಪುರ, ಇಲ್ಲವೇ ಮಿರಜ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಶುರುಮಾಡಿದ ಮಿರಜದ ಮಿಶನ್ ದವಾಖಾನೆಯ ಹೆಸರನ್ನು ಹಿರಿಯರು ಇವತ್ತಿಗೂ ಹೇಳುತ್ತಾರೆ. ವಿಜಯಪುರದಲ್ಲೇ 1984ರಲ್ಲಿ ಅಲ್ ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆರಂಭವಾದವು. ಜಿಲ್ಲಾ ಆಸ್ಪತ್ರೆ ಇದೆ, ಖಾಸಗಿ ಸೆಂಟರುಗಳಿವೆ. ಯಂತ್ರ ಊರಿನ ಹತ್ತಿರಕ್ಕೆ ಬಂತು. ಅದರೊಳಗೆ ಮಲಗುವವರಿಗೆ ಮೊದಲೇ ನಾಲ್ಕು ಮಾತು ಹೇಳುವ ರೂಢಿ ಮಾತ್ರ ಇನ್ನೂ ಅಷ್ಟು ಹತ್ತಿರ ಬಂದಿಲ್ಲ. ಮಂದಿ ಅಂಜುವುದು ಬೇನೆಗಿಂತ ಹೆಚ್ಚಾಗಿ ಒಳಗೇನಾಗುತ್ತದೆಂದು ಗೊತ್ತಿಲ್ಲದಿರುವುದಕ್ಕೇ ಎಂದು ನನಗೆ ಖಾತ್ರಿಯಾಗಿದೆ.

ಎಕ್ಸ್‌ರೇ ಸುಲಭದ್ದು. ಹಲಗೆಗೆ ಎದೆ ಒತ್ತಿ ನಿಲ್ಲಬೇಕು, ‘ಉಸುರು ಎಳಕೊಂಡು ಬಿಗಿ ಹಿಡೀರಿ’ ಎಂದಾಗ ಹಿಡಿಯಬೇಕು, ಅಷ್ಟರಲ್ಲಿ ಮುಗಿದಿರುತ್ತದೆ. ಕೊರಳಲ್ಲಿ ತಾಯತವೋ ಸರವೋ ಇದ್ದರೆ ಅದರ ನೆರಳು ನೇರ ಪುಪ್ಪುಸದ ಮೇಲೆ ಬೀಳುತ್ತದೆ, ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಬಸುರಿ ಇದ್ದರೆ, ಇರಬಹುದೆಂಬ ಅನುಮಾನವಿದ್ದರೂ ಸರಿ, ನಾಚದೆ ಮೊದಲೇ ಹೇಳಬೇಕು.

ಹೊಟ್ಟೆಯ ಸ್ಕ್ಯಾನಿಂಗ್, ಅಂದರೆ ಅಲ್ಟ್ರಾಸೌಂಡ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಪಡುವ ಪಾಡೆಲ್ಲ ನೀರಿನದು. ಬಸ್ಸಿನಲ್ಲಿ ಅವಸರವಾದರೆ ಎಲ್ಲಿಗೆ ಹೋಗುವುದೆಂಬ ಅಂಜಿಕೆಗೆ ಅವರು ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿರುವುದಿಲ್ಲ. ಗರ್ಭಕೋಶ ನೋಡಬೇಕಾದರೆ ಮೂತ್ರಚೀಲ ತುಂಬಿರಬೇಕು. ಈ ಪರೀಕ್ಷೆ ನಡೆಯುವುದು ಶಬ್ದದ ಅಲೆಗಳಿಂದ. ಅವು ನೀರಿನಲ್ಲಿ ಸಲೀಸಾಗಿ ಹಾಯುತ್ತವೆ, ಕರುಳಿನ ಗಾಳಿಯಲ್ಲಿ ಹಾಯುವುದಿಲ್ಲ. ತುಂಬಿದ ಮೂತ್ರಚೀಲ ಕರುಳನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಡುತ್ತದೆ. ಇದು ಗೊತ್ತಿಲ್ಲದೆ ಬಂದವರು ಬಾಟಲಿಗಟ್ಟಲೆ ನೀರು ಗಟಗಟ ಕುಡಿದು ಕೂಡುತ್ತಾರೆ. ಪಾಳಿ ಬರುವ ಹೊತ್ತಿಗೆ ತಡೆಯಲಾಗದೆ ಹೋಗಿ ಬಂದುಬಿಡುತ್ತಾರೆ. ಮತ್ತೆ ನೀರು, ಮತ್ತೆ ಪಾಳಿ. ನಮ್ಮ ಚಿಗವ್ವನ ಒಂದು ಇಡೀ ದಿನ ಹೀಗೇ ಹೋಯಿತು. ಈಗ ಯಾರೇ ಬರಲಿ, ಸೆಂಟರಿನಲ್ಲಿ ಹೆಸರು ಹಚ್ಚಿಸಿದ ಮೇಲೆ, ಪಾಳಿಗೆ ಒಂದು ತಾಸು ಇದೆಯೆನ್ನುವಾಗ ನೀರು ಕುಡಿಸುತ್ತೇನೆ. ತಡೆಯಲಾಗದಿದ್ದರೆ ಬಾಯಿಬಿಟ್ಟು ಹೇಳಿದರಾಯಿತು, ಎಷ್ಟೋ ಸಲ ಅವರೇ ಮುಂದೆ ಕರೆಯುತ್ತಾರೆ. ಹೆಣ್ಣುಮಕ್ಕಳಿಗೆ ಸ್ವಚ್ಛವಾದ ಶೌಚಾಲಯ ಬಾಗಿಲ ಹತ್ತಿರವೇ ಇರುವುದು ಸೆಂಟರಿನವರು ಮಾಡಬಹುದಾದ ಎಲ್ಲಕ್ಕಿಂತ ದೊಡ್ಡ ಉಪಕಾರ.

ಪಿತ್ತಕೋಶ ನೋಡುವುದಿದ್ದರೆ ಮಾತು ಬೇರೆ: ಆರು ತಾಸಾದರೂ ಊಟ ಬಿಟ್ಟಿರಬೇಕು. ಉಂಡರೆ ಪಿತ್ತಕೋಶ ಮುದುಡುತ್ತದೆ, ಒಳಗಿನ ಹರಳು ಸರಿಯಾಗಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯವರು ಹಸಿದು ಕೂಡುವುದು ಅಪಾಯ. ಅವರು ಮುಂಜಾನೆಯ ಮೊದಲ ಪಾಳಿ ಕೇಳಿ ಪಡೆಯಬೇಕು. ಮೈಗೆ ಹಚ್ಚುವ ಜೆಲ್ಲಿ ತಣ್ಣಗಿರುತ್ತದೆ, ಒರೆಸಿದರೆ ಹೋಗುತ್ತದೆ. ಬೇರೆ ನೋವಿಲ್ಲ, ವಿಕಿರಣವಿಲ್ಲ.

ಬಸುರಿಯ ಸ್ಕ್ಯಾನಿಂಗ್‌ಗೆ ಬಂದಾಗ ಗೋಡೆಯ ಮೇಲಿನ ಬೋರ್ಡನ್ನು ಮನೆಯ ಹಿರಿಯರಿಗೆ ನಾನೇ ಓದಿ ಹೇಳುತ್ತೇನೆ. ಭ್ರೂಣದ ಲಿಂಗ ಪತ್ತೆ 1994ರ ಕಾನೂನಿನ ಪ್ರಕಾರ ಅಪರಾಧ. ಹೇಳುವುದೂ ತಪ್ಪು, ಹೇಳಿರೆಂದು ಒತ್ತಾಯ ಮಾಡುವುದೂ ತಪ್ಪು. ಹೆಸರು, ವಿಳಾಸ, ಮಕ್ಕಳ ವಿವರವೆಲ್ಲ ಬರೆಸಿ ಸಹಿ ಹಾಕಿಸುವ ಎಫ್ ಫಾರ್ಮ್ ಕೂಡ ಇದಕ್ಕಾಗಿಯೇ. ‘ಗಂಡೋ ಹೆಣ್ಣೋ’ ಎಂಬ ಪಿಸುಮಾತು ಬೆಂಚಿನ ಮೇಲೆ ಕೇಳಿದರೆ ನಾನು ಸುಮ್ಮನಿರುವುದಿಲ್ಲ. ಕೂಸಿನ ಹೃದಯ, ಬೆನ್ನು, ಮಿದುಳು ಸರಿಯಿವೆಯೇ ಎಂದು ನೋಡಲು ಹದಿನೆಂಟು, ಇಪ್ಪತ್ತು ವಾರಕ್ಕೆ ಮಾಡಿಸುವ ಪರೀಕ್ಷೆ ಅದು.

ತಿಕೋಟಾ ಕಡೆಯವರನ್ನು ಬೇಸಿಗೆಯಲ್ಲಿ ಹೆಚ್ಚಾಗಿ ಕರೆತರುವುದು ಕಿಡ್ನಿಯ ಹರಳು. ದ್ರಾಕ್ಷಿ ಪಡದಲ್ಲಿ ಉರಿಬಿಸಿಲಿಗೆ ಬೆವರು ಸುರಿಸಿ, ನೀರು ಕಡಿಮೆ ಕುಡಿದವರಿಗೆ ಆ ಬೇನೆ ಬೇಗ ಹತ್ತುತ್ತದೆ. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಸಣ್ಣ ಹರಳು ಅಲ್ಟ್ರಾಸೌಂಡ್‌ನಲ್ಲಿ ತಪ್ಪಿಸಿಕೊಳ್ಳಬಹುದು, ಆಗ ಸಿ.ಟಿ. ಬರೆಯುತ್ತಾರೆ. ಹರಳಿಗೆ ಸಾಮಾನ್ಯವಾಗಿ ಔಷಧ ಚುಚ್ಚದ ಸಾದಾ ಸಿ.ಟಿ. ಸಾಕು, ಮೇಜಿನ ಮೇಲೆ ಮಲಗಿ ಉಸಿರು ಹಿಡಿದು ಬಿಡುವುದರೊಳಗೆ ಚಿತ್ರ ಬಂದಿರುತ್ತದೆ.

ಗಡ್ಡೆ, ರಕ್ತನಾಳ ನೋಡಬೇಕಾದಾಗ ಅಯೋಡಿನ್ ಇರುವ ಔಷಧವನ್ನು ಕೈನರಕ್ಕೆ ಬಿಡುತ್ತಾರೆ. ನಮ್ಮ ಅತ್ತಿಗೆ ಹೀಗೆ ಮಾಡಿಸಿದ ದಿನ, ಹೊರಗೆ ಬಂದವರೇ ನನ್ನ ಕೈ ಹಿಡಿದು ಮೂಲೆಗೆ ಕರೆದೊಯ್ದು, ‘ಸೀರಿ ನೋಡವಾ, ಹಸಿ ಆಗೇತೇನು?’ ಎಂದರು. ಕಣ್ಣಲ್ಲಿ ನೀರು. ಸೀರೆ ಒಣಗಿಯೇ ಇತ್ತು. ಆ ಔಷಧ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಬಾಯಿಗೆ ತಾಮ್ರದಂಥ ರುಚಿ ಬರುತ್ತದೆ, ಮೂತ್ರ ಹೋದಂತೆಯೇ ಅನ್ನಿಸುತ್ತದೆ. ಒಂದೆರಡು ನಿಮಿಷಕ್ಕೆ ಇಳಿಯುತ್ತದೆ. ಈ ಒಂದು ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ ಆ ಹಿರಿಯ ಜೀವ ಅಷ್ಟು ಕುಗ್ಗುತ್ತಿರಲಿಲ್ಲ. ಈಗ ಔಷಧ ಚುಚ್ಚಿಸಿಕೊಳ್ಳುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಇದನ್ನೇ. ಹಿಂದೆ ಔಷಧಕ್ಕೆ ಮೈ ಕಡಿದಿದ್ದರೆ, ಉಬ್ಬಸವಿದ್ದರೆ, ಕಿಡ್ನಿಯ ತೊಂದರೆಯಿದ್ದರೆ, ಸಕ್ಕರೆಗೆ ಮೆಟ್‌ಫಾರ್ಮಿನ್ ಗುಳಿಗೆ ನುಂಗುತ್ತಿದ್ದರೆ ತಿಳಿಸಬೇಕು. ಬೇಕಾದರೆ ರಕ್ತದ ಕ್ರಿಯಾಟಿನಿನ್ ನೋಡಿ ಮುಂದುವರಿಯುತ್ತಾರೆ. ಆದಮೇಲೆ ಅರ್ಧ ತಾಸು ಅಲ್ಲೇ ಕೂಡಬೇಕು. ತುರಿಕೆ ಎದ್ದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಕೂಗಬೇಕು.

ಸಿ.ಟಿ.ಯಲ್ಲಿ ವಿಕಿರಣ ಹೆಚ್ಚು. ಒಂದು ಎದೆಯ ಎಕ್ಸ್‌ರೇಗೆ ಬೀಳುವುದು ಸುಮಾರು 0.1 ಮಿಲಿಸೀವರ್ಟ್, ಇದು ನೆಲ, ಆಕಾಶದಿಂದ ಹತ್ತು ದಿನಕ್ಕೆ ಸಹಜವಾಗಿಯೇ ನಮ್ಮ ಮೈಗೆ ತಾಗುವಷ್ಟು. ಹೊಟ್ಟೆಯ ಸಿ.ಟಿ. ಸುಮಾರು 8 ಮಿಲಿಸೀವರ್ಟ್, ಎರಡೂವರೆ ವರ್ಷದ ಲೆಕ್ಕ. ಬೇಕಾದಾಗ ಇದಕ್ಕೆ ಅಂಜಬಾರದು. ಆದರೆ ‘ಒಂದು ಸಿ.ಟಿ. ಬರದುಬಿಡ್ರಿ ಸಾಹೇಬ್ರ’ ಎಂದು ನಾವೇ ಗಂಟುಬೀಳುವುದು ಬೇಡ.

ಎಂ.ಆರ್.ಐ.ಯಲ್ಲಿ ಎಕ್ಸ್‌ರೇ ವಿಕಿರಣವಿಲ್ಲ, ಇರುವುದು ದೊಡ್ಡ ಅಯಸ್ಕಾಂತ. ಸಾಮಾನ್ಯವಾಗಿ 1.5 ಟೆಸ್ಲಾ, ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30,000 ಪಟ್ಟು. ಯಂತ್ರ ಸುಮ್ಮನಿದ್ದಾಗಲೂ ಆ ಶಕ್ತಿ ಆರುವುದಿಲ್ಲ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು, ಇವನ್ನು ಮುಚ್ಚಿಟ್ಟರೆ ಜೀವಕ್ಕೆ ಅಪಾಯ. ಕುಪ್ಪಸದ ಹುಕ್ಕು, ಹೇರ್‌ಪಿನ್ನು, ಮೂಗುತಿ, ಕಾಲುಂಗುರ ಎಲ್ಲ ಹೊರಗೆ.

ತಾಳಿ ಬಿಚ್ಚುವುದೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಎದೆ ಧಸಕ್ಕೆನ್ನುತ್ತದೆ. ನನ್ನ ನೆಗೆಣ್ಣಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ದಾರಿ ನಮ್ಮ ಪದ್ಧತಿಯಲ್ಲೇ ಇದೆ: ಅರಿಷಿಣದ ದಾರಕ್ಕೆ ಅರಿಷಿಣದ ಕೊಂಬು ಕಟ್ಟಿಕೊಂಡು ತಾಳಿ ತೆಗೆಯುವುದು. ದಾರಕ್ಕೂ ಕೊಂಬಿಗೂ ಅಯಸ್ಕಾಂತದ ಗೊಡವೆಯಿಲ್ಲ. ಟೆಕ್ನಿಷಿಯನ್ ಹುಡುಗ ನೋಡಿ, ‘ಇದು ನಡೀತೈತ್ರಿ’ ಎಂದ. ಅಂದಿನಿಂದ ನನ್ನ ಚೀಲದಲ್ಲಿ ಕೊಂಬು, ದಾರ ಇದ್ದೇ ಇರುತ್ತವೆ.

ಮಾವನವರದು ಇನ್ನೂ ಸೂಕ್ಷ್ಮ. ಕೊರಳ ಇಷ್ಟಲಿಂಗವಿರುವುದು ಬೆಳ್ಳಿಯ ಕರಡಿಗೆಯಲ್ಲಿ. ‘ಇದು ಒಡವಿ ಅಲ್ಲೋ ತಮ್ಮಾ’ ಎಂದರು. ಯಾರೂ ಒತ್ತಾಯ ಮಾಡಲಿಲ್ಲ. ಜಳಕ ಮಾಡಿ ಬಂದಿದ್ದ ನಮ್ಮ ಮನೆಯವರು ಒಗೆದ ಬಿಳಿ ವಸ್ತ್ರ ಹಿಡಿದು ಮುಂದೆ ನಿಂತರು. ಮಾವನವರು ತಾವೇ ತೆಗೆದು, ಕಣ್ಣಿಗೆ ಒತ್ತಿಕೊಂಡು ಮಗನ ಅಂಗೈಗೆ ಕೊಟ್ಟು ಒಳಗೆ ಹೋದರು. ಅವರು ಬರುವವರೆಗೆ ಮಗ ಅದನ್ನು ಕೆಳಗಿಡಲಿಲ್ಲ.

ಒಳಗೆ ಇಕ್ಕಟ್ಟು, ಹೊಲದಲ್ಲಿ ಬೋರ್ ಕೊರೆಯುವಂಥ ಸಪ್ಪಳ; ಯಂತ್ರದ ಸುರುಳಿಗಳಿಗೆ ಕರೆಂಟ್ ಹಾಯ್ದು ಬಿಟ್ಟಂತೆಲ್ಲ ಅವು ಅದುರುತ್ತವೆ. ಕಿವಿಗೆ ಮುಚ್ಚಲು ಕೊಡುತ್ತಾರೆ, ಕೈಯಲ್ಲಿ ಒಂದು ರಬ್ಬರ್ ಚೆಂಡು ಇಡುತ್ತಾರೆ. ಅದನ್ನು ಅದುಮಿದರೆ ಬಂದು ಹೊರಗೆ ತೆಗೆಯುತ್ತಾರೆ. ಇಪ್ಪತ್ತು ನಿಮಿಷದಿಂದ ಮುಕ್ಕಾಲು ತಾಸು ಅಲುಗದೆ ಮಲಗಬೇಕು. ಚಳಿ ಇರುತ್ತದೆ, ಚಾದರ ಕೇಳಬೇಕು.

ಸ್ತನದ ಮ್ಯಾಮೋಗ್ರಾಂ ಮಾತ್ರ ಸ್ವಲ್ಪ ನೋಯುತ್ತದೆ. ಎರಡು ಫಲಕದ ನಡುವೆ ಕೆಲವು ಸೆಕೆಂಡು ಒತ್ತುತ್ತಾರೆ. ಮುಟ್ಟು ಮುಗಿದ ವಾರದಲ್ಲಿ ಮಾಡಿಸಿದರೆ ನೋವು ಕಡಿಮೆ. ಅಂದು ಪೌಡರ್ ಹಚ್ಚಬಾರದು, ಅದರ ಕಣಗಳು ರೋಗದ ಚುಕ್ಕೆಗಳಂತೆ ಕಾಣಬಹುದು. ಹೆಣ್ಣುಮಗಳೇ ತೆಗೆಯಲಿ ಎಂದು ಕೇಳಲು ಸಂಕೋಚ ಬೇಡ.

ರಿಪೋರ್ಟ್ ಕೈಗೆ ಬಂದ ಮೇಲೆ ಮನೆಮಂದಿಯೆಲ್ಲ ಮೊಬೈಲಿನಲ್ಲಿ ಒಂದೊಂದೇ ಶಬ್ದ ಹುಡುಕಿ ಗಾಬರಿಯಾಗುತ್ತಾರೆ. ವಯಸ್ಸಾದಂತೆ ಬೆನ್ನುಮೂಳೆಯ ಡಿಸ್ಕ್ ಉಬ್ಬುವುದು ನೋವೇ ಇಲ್ಲದವರ ಎಂ.ಆರ್.ಐ.ಯಲ್ಲೂ ಕಾಣುತ್ತದೆ. ಮೈ ಮುಟ್ಟಿ ನೋಡಿದ ಡಾಕ್ಟರು ಚಿತ್ರವನ್ನೂ ನೋಡಿ ಹೇಳುವವರೆಗೆ ತಡೆಯಬೇಕು. ಹಳೆಯ ಫಿಲ್ಮು, ಸಿ.ಡಿ., ರಿಪೋರ್ಟ್ ಎಲ್ಲ ಒಂದೇ ಚೀಲದಲ್ಲಿ, ತಗಡಿನ ಕಾವು ತಾಗದ ಕಡೆ ಇಟ್ಟು, ಪ್ರತಿ ಸಲ ತರಬೇಕು. ತಿಕೋಟಾದ ನಮ್ಮ ಕಾಕಾನ ಎದೆಯ ಎಕ್ಸ್‌ರೇಯಲ್ಲಿ ಕಲೆ ಕಂಡಾಗ ಸಿ.ಟಿ.ಯ ಮಾತು ಬಂದಿತ್ತು. ಕಾಕೂ ಟ್ರಂಕಿನ ತಳದಿಂದ ಹಳೆಯ ಫಿಲ್ಮ್ ಹುಡುಕಿ ಕಳಿಸಿದಳು. ಹಿಂದೆ ಟಿ.ಬಿ. ವಾಸಿಯಾದಾಗ ಉಳಿದ ಗಾಯದ ಗುರುತು ಅದೇ ಜಾಗದಲ್ಲಿ, ಅಷ್ಟೇ ಅಗಲ ಇತ್ತು. ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಸಿ.ಟಿ. ಬೇಡವೆಂದು ಚೀಟಿ ವಾಪಸ್ ತೆಗೆದುಕೊಂಡರು.