ಇರುವುದನ್ನು ತಿದ್ದೋಣವೋ, ಹೊಸದು ಮಾಡೋಣವೋ?



ಹೋದ ತಿಂಗಳು ನಮ್ಮಜ್ಜಿ ಹೇಳಿದ ಕಥೆಯೊಂದನ್ನು ಶಾಲೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೆ. ‘ಒಂದರಿಯಿಂದಲೂ ಹಿಟ್ಟು ಉದುರಲಿಲ್ಲ’ ಎಂದು ಬರೆದಾಗ ‘ಒಂದರಿಯಿಂದಲೂ’ ಪದದ ಕೆಳಗೆ ಕೆಂಪು ಗೆರೆ ಬಂತು. ನನ್ನದೇ ತಪ್ಪಿರಬೇಕು ಅಂದುಕೊಂಡು ಅಳಿಸಿ, ‘ಜರಡಿ’ ಅಂತ ಹಾಕಿದೆ. ಮನೆಯಲ್ಲಿ ಓದಿ ಹೇಳಿದೆ. ಅಜ್ಜಿ, “ಇದು ನನ್ನ ಕಥೆ ಅಲ್ಲ ಕಣೇ, ಒಂದರಿ ಎಲ್ಲಿ ಹೋಯ್ತು?” ಎಂದರು. ನನಗೆ ತುಂಬಾ ಬೇಜಾರಾಯಿತು.

ಮಾರನೇ ದಿನ ಮೇಷ್ಟ್ರನ್ನು ಕೇಳಿದೆ. “ಕೆಂಪು ಗೆರೆ ಅಂದರೆ ತಪ್ಪು ಅಂತಲ್ಲ, ಆ ಪದ ಅದರ ಪಟ್ಟಿಯಲ್ಲಿ ಇಲ್ಲ ಅಂತ” ಎಂದರು. “ಹಾಗಾದರೆ ನಾವೇ ಹೊಸದೊಂದು ಮಾಡೋಣ ಸಾರ್” ಅಂದೆ. “ಮೊದಲು ಇರೋದು ಹೇಗೆ ಕೆಲಸ ಮಾಡುತ್ತೆ ತಿಳ್ಕೊಂಡು ಬಾ” ಎಂದರು. ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮುಕ್ತ ತಂತ್ರಾಂಶ ಎಂದರೇನು?

ಹೋಟೆಲಿನವರು ಸಾರಿನ ಪುಡಿಯ ಅಳತೆ ಹೇಳುವುದಿಲ್ಲ. ನಮ್ಮತ್ತೆ ಕೇಳಿದವರಿಗೆಲ್ಲ ಹೇಳುತ್ತಾರೆ. ಹೀಗೆ ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ.

ತಿದ್ದಿ ಬೆಳೆಸಿದ್ದು

1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಾಲ್ಫ್ ಗೋರಿನ್ ಎಂಬುವರು ಇಂಗ್ಲಿಷ್ ಕಾಗುಣಿತ ನೋಡುವ ತಂತ್ರಾಂಶ ಬರೆದರು. ಅದು ಹಲವರ ಕೈ ದಾಟಿ ‘ಇಸ್ಪೆಲ್’ ಆಯಿತು. ಮೂಲ ಪದಗಳನ್ನು ಒಂದು ಕಡೆ, ಪ್ರತ್ಯಯದ ನಿಯಮಗಳನ್ನು ಇನ್ನೊಂದು ಕಡೆ ಇಡುವುದು ಇದರ ಉಪಾಯ. ಅದೇ ಉಪಾಯವನ್ನು ತೆಗೆದುಕೊಂಡು ಕೆವಿನ್ ಹೆಂಡ್ರಿಕ್ಸ್ ‘ಮೈಸ್ಪೆಲ್’ ಮಾಡಿದರು.

ಆದರೆ ಹಂಗೇರಿ ದೇಶದ ಭಾಷೆಗೆ ಅದು ಸಾಲಲಿಲ್ಲ. ಏಕೆಂದರೆ ಅದೂ ನಮ್ಮ ಕನ್ನಡದ ಹಾಗೆಯೇ, ಪ್ರತ್ಯಯದ ಮೇಲೆ ಪ್ರತ್ಯಯ ಸೇರುತ್ತದೆ. ನೋಡಿ: ಮನೆ + ಗಳು + ಅಲ್ಲಿ + ಊ = ಮನೆಗಳಲ್ಲೂ. ‘ಮನೆ’ಯಿಂದ ನಾನು 20 ರೂಪ ಬರೆದೆ. ಹೀಗೆ 1000 ಪದ ಬರೆದರೆ 20,000 ಸಾಲು! ನಿಯಮ ಇದ್ದರೆ 1000 ಸಾಲು ಸಾಕು. ಆದರೆ ಎಲ್ಲದಕ್ಕೂ ಒಂದೇ ನಿಯಮ ನಡೆಯುವುದಿಲ್ಲ. ಮನೆಗೆ, ಮರಕ್ಕೆ, ಗುರುವಿಗೆ ಎನ್ನುತ್ತೇವೆ, ‘ಮರಗೆ’ ಎನ್ನುವುದಿಲ್ಲ. ಆದ್ದರಿಂದ ಪದಗಳನ್ನು ಗುಂಪು ಮಾಡಬೇಕು.

ಮೈಸ್ಪೆಲ್ ಪದದ ಕೊನೆಯಿಂದ ಒಂದೇ ಪ್ರತ್ಯಯ ಬಿಡಿಸುತ್ತಿತ್ತು. ಹಂಗೇರಿಯ ಲಾಸ್ಲೋ ನೇಮೆತ್ ಅದನ್ನು ಬಿಸಾಡಲಿಲ್ಲ. ಎರಡು ಪ್ರತ್ಯಯ ಬಿಡಿಸುವ ಹಾಗೆ ಮಾಡಿದರು. ಸಮಾಸ ಪದಗಳ ನಿಯಮ, ಯೂನಿಕೋಡ್ ಎರಡನ್ನೂ ಸೇರಿಸಿದರು. ಅದೇ ‘ಹನ್‌ಸ್ಪೆಲ್’. ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳಲ್ಲಿ ಈಗ ಇರುವುದು ಇದೇ.

ಹೊಸದು ಮಾಡಿದ್ದು

ಫಿನ್ಲೆಂಡಿನವರಿಗೆ ಹನ್‌ಸ್ಪೆಲ್ಲೂ ಸಾಲಲಿಲ್ಲ. ಅವರ ಭಾಷೆಯಲ್ಲಿ ಪ್ರತ್ಯಯ ಸೇರಿದಾಗ ಪದದ ಒಳಗೂ ಅಕ್ಷರ ಬದಲಾಗುತ್ತದೆ. ‘ಕತು’ ಅಂದರೆ ಬೀದಿ, ‘ಕದುನ್’ ಅಂದರೆ ಬೀದಿಯ. ಅವರು ‘ವೊಯ್ಕೊ’ ಎಂಬ ಬೇರೆಯದನ್ನೇ ಮಾಡಿಕೊಂಡರು. ಆದರೆ ಅವರೂ ಬರಿಗೈಯಿಂದ ಶುರು ಮಾಡಲಿಲ್ಲ. ಜರ್ಮನಿಯ ಎರ್ಲಾಂಗನ್ ವಿಶ್ವವಿದ್ಯಾಲಯದಲ್ಲಿ ವ್ಯಾಕರಣಕ್ಕೆಂದು ತಯಾರಾಗಿದ್ದ ‘ಮಲಗ’ ಎಂಬ ಮುಕ್ತ ತಂತ್ರಾಂಶದ ಮೇಲೆ ಅದನ್ನು ಕಟ್ಟಿದರು.

ನನಗೆ ತಿಳಿದದ್ದು

1. ಪದ ಇಲ್ಲದಿದ್ದರೆ ಪದ ಸೇರಿಸಬೇಕು.
2. ನಿಯಮ ಸಾಲದಿದ್ದರೆ ನಿಯಮ ತಿದ್ದಬೇಕು.
3. ತಳಪಾಯವೇ ಹೊಂದದಿದ್ದರೆ ಮಾತ್ರ ಹೊಸದು ಕಟ್ಟಬೇಕು.

ಮಳೆಗಾಲದಲ್ಲಿ ಮನೆ ಸೋರಿದರೆ ಅಪ್ಪ ಹತ್ತಿ ಒಡೆದ ಹೆಂಚು ಬದಲಾಯಿಸುತ್ತಾರೆ, ಮನೆ ಕೆಡವುವುದಿಲ್ಲ. ನನ್ನ ‘ಒಂದರಿ’ಯದು ಒಡೆದ ಹೆಂಚಿನ ಲೆಕ್ಕ. ನಾನು ಮನೆಯನ್ನೇ ಕೆಡವಲು ಹೊರಟಿದ್ದೆ! ಹೊಸದು ಮಾಡಿದ್ದರೆ ಬೇರೆಯವರು ಕೂಡಿಸಿಟ್ಟ ಸಾವಿರಾರು ಪದಗಳನ್ನು ಮತ್ತೆ ಮೊದಲಿನಿಂದ ಕೂಡಿಸಬೇಕಾಗುತ್ತಿತ್ತು.

ಗೆಳೆಯರೇ, ಕಿಟಕಿಯ ಹತ್ತಿರ ಒಂದು ನೋಟ್‌ಬುಕ್ ಕಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಆಡುವ, ಕಂಪ್ಯೂಟರಿಗೆ ಗೊತ್ತಿಲ್ಲದ ಪದಗಳನ್ನು ಅರ್ಥದ ಜೊತೆ ಬರೆಯಿರಿ. ಮನೆಗೆ, ಮರಕ್ಕೆ, ಗುರುವಿಗೆ ಈ ಮೂರರಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂದೂ ಬರೆಯಿರಿ. ಪಟ್ಟಿ ನೋಡಿಕೊಳ್ಳುವವರಿಗೆ ಕಳಿಸಲು ಮೇಷ್ಟ್ರು ಸಹಾಯ ಮಾಡುತ್ತಾರಂತೆ. ಮೊದಲನೇ ಪದ ನಾನು ಬರೆದಿದ್ದೇನೆ. ಅಜ್ಜಿಯ ಕಥೆಯಲ್ಲೂ ಅದನ್ನು ಮತ್ತೆ ಹಾಕಿದ್ದೇನೆ, ಕೆಂಪು ಗೆರೆ ಇದ್ದರೂ ಇರಲಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ