ಒಗ್ಗರಣೆಯ ಎಣ್ಣೆ ಲೆಕ್ಕಕ್ಕೆ ಬರಲಿಲ್ಲ

ಒಂಬತ್ತನೇ ತರಗತಿಯ ಅಭ್ಯಾಸ ಪಾಠಕ್ಕಾಗಿ ಕೊಬ್ಬಿನ ಸೇವನೆ ಅಳೆಯುವ ಪ್ರಶ್ನಾವಳಿ ತಯಾರಿಸಿದ್ದೆ. ಅದರ ಸಿಂಧುತ್ವ ನೋಡಲು ಮಕ್ಕಳಿಂದ ಮೂರು ದಿನ ಊಟದ ದಿನಚರಿ ಬರೆಸಿದೆ. ಪ್ರಶ್ನಾವಳಿಯಲ್ಲಿ ಹೆಚ್ಚು ಕೊಬ್ಬು ತೋರಿಸಿದವರಿಗೆ ದಿನಚರಿಯಲ್ಲೂ ಹೆಚ್ಚೇ ಬಂತು. ಸಹಸಂಬಂಧ ಚೆನ್ನಾಗಿದೆಯೆಂದು ಹಿಗ್ಗಿದೆ. ‘ಒಂದರಿಂದ ಇನ್ನೊಂದನ್ನು ಕಳೆದು ನೋಡಿ’ ಎಂದರು ಮಾರ್ಗದರ್ಶಕರು. ಬಹುತೇಕ ಎಲ್ಲರಿಗೂ ಪ್ರಶ್ನಾವಳಿಯ ಅಂಕಿಯೇ ಕಡಿಮೆ! ಏರಿಳಿತದ ಕ್ರಮ ಸರಿ, ಪ್ರಮಾಣ ತಪ್ಪು. ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಎಚ್ಚರಿಸಿದ್ದು ಇದನ್ನೇ.

ಕರಿದ ತಿಂಡಿ ಕೇಳಿದ್ದೆ. ಒಗ್ಗರಣೆ, ಚಟ್ನಿಯ ಕಾಯಿ ಕೇಳಿರಲಿಲ್ಲ. 10 ಗ್ರಾಂ ಎಣ್ಣೆ ಬಿಟ್ಟುಹೋದರೆ 90 ಕಿಲೊಕ್ಯಾಲರಿ ಬಿಟ್ಟಂತೆ. ಹಾಗೆಂದು ದಿನಚರಿಯೇ ಪೂರ್ಣ ಸತ್ಯವೂ ಅಲ್ಲ: ಬರೆಯಬೇಕಲ್ಲ ಎಂಬ ನಾಚಿಕೆಗೆ ಒಬ್ಬಳು ಆ ಮೂರು ದಿನ ಬೋಂಡಾವನ್ನೇ ಮುಟ್ಟಿರಲಿಲ್ಲ. ತಿದ್ದಿದ ಪ್ರಶ್ನಾವಳಿಯಲ್ಲಿ ಮನೆಗೆ ತಿಂಗಳಿಗೆ ತರುವ ಎಣ್ಣೆ, ಉಣ್ಣುವವರ ಸಂಖ್ಯೆ ಎರಡನ್ನೂ ಸೇರಿಸಿದ್ದೇನೆ.